ನಾರ್ಫಕ್ ಡೈರಿ – 23: ಹಿಂದಿನ ಚಕ್ರದ ಟೋ ಲಿಂಕ್

ಬರೆದು ಹೆಚ್ಚುಕಡಿಮೆ ಎರಡು ತಿಂಗಳಾಯ್ತು. ನೈಟ್ ಡ್ಯೂಟಿ ಸ್ವಲ್ಪ, ಕಾರಿನ ಕೆಳಗೆ ಮಲಗಿದ್ದು ಸ್ವಲ್ಪ. ಈ ಕಂತಿನಲ್ಲಿ ವಾರ್ಡಿನ ಕಥೆ ಕಡಿಮೆ, ನಟ್ಟು ಬೋಲ್ಟಿನ ಕಥೆ ಜಾಸ್ತಿ. ಆಸ್ಕಿ ಪರೀಕ್ಷೆ ಬಗ್ಗೆ ಕೇಳಿರುವ ನರ್ಸಿಂಗ್ ಹುಡುಗಿಯರೇ, ನಿಮ್ಮನ್ನು ಮರೆತಿಲ್ಲ, ಮುಂದಿನ ಕಂತು ನಿಮ್ಮದೇ.

ನಮ್ಮನೆ ಹಳದಿ ಕಾರು ಹಳಬರಿಗೆಲ್ಲ ಗೊತ್ತು. ಹೊಸದಾಗಿ ಬಂದವರಿಗೆ ಎರಡು ಮಾತು. ಅದು 2005ರ ಲೋಟಸ್ ಎಲೀಸ್. ಎರಡೇ ಸೀಟು. ಇಂಜಿನ್ ನಮ್ಮ ಬೆನ್ನ ಹಿಂದೆ. ಡಿಕ್ಕಿಯಲ್ಲಿ ಹತ್ತು ಕೆಜಿಯ ಸೋನಾ ಮಸೂರಿ ಚೀಲ ಎರಡು ಇಟ್ಟರೆ ಸಾಂಬಾರ್ ಪುಡಿ ಡಬ್ಬಿ ತೊಡೆ ಮೇಲೆ. ಮಳೆ ಬಂದರೆ ಬಟ್ಟೆ ಟಾಪಿನ ಸಂದಿಯಿಂದ ಅದೇ ತೊಡೆ ಮೇಲೆ ಹನಿ. ನಮ್ಮ ಯಜಮಾನ್ರು ಏಳು ವರ್ಷ ದುಡ್ಡು ಕೂಡಿಟ್ಟು ತಗೊಂಡ ಕಾರು, ಹಾಗಾಗಿ ಹನಿ ಬಗ್ಗೆ ನಾನು ಜಾಸ್ತಿ ಮಾತಾಡಲ್ಲ.

ನಾವು ಇರೋದು ವಿಂಡಮ್ ಅನ್ನೋ ಊರಿನಲ್ಲಿ. ಬರೆಯೋದು ವೈಮಂಡ್‌ಹ್ಯಾಮ್ ಅಂತ ಓದೋ ಹಾಗೆ, ಕರೆಯೋದು ವಿಂಡಮ್. ಇಲ್ಲಿಯವರ ಈ ಚಾಳಿಗೆ ನಾನಿನ್ನೂ ಒಗ್ಗಿಲ್ಲ. ಇಲ್ಲಿಂದ ಕೆಲವೇ ಮೈಲಿ ದೂರದಲ್ಲಿ ಹೆತೆಲ್ ಇದೆ. ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಬಾಂಬರ್ ವಿಮಾನಗಳು ಹಾರುತ್ತಿದ್ದ ಏರ್‌ಫೀಲ್ಡು. 1966ರಲ್ಲಿ ಕಾಲಿನ್ ಚಾಪ್‌ಮನ್ ತಮ್ಮ ಲೋಟಸ್ ಕಂಪನಿಯನ್ನು ಅಲ್ಲಿಗೆ ತಂದರು. ನಮ್ಮ ಕಾರು ಹುಟ್ಟಿದ್ದು ಅಲ್ಲೇ. ಎಲೀಸ್ ಅನ್ನೋ ಹೆಸರು ಆಗಿನ ಒಡೆಯ ರೊಮಾನೊ ಆರ್ಟಿಯೋಲಿ ಅವರ ಮೊಮ್ಮಗಳು ಎಲೀಸಾಳದ್ದು. 1996ರಲ್ಲಿ ರಸ್ತೆಗಿಳಿದ ಮೊದಲ ಎಲೀಸ್‌ನ ಅಲ್ಯೂಮಿನಿಯಂ ಚಾಸಿಯ ತೂಕ 68 ಕೆಜಿ. ಅಲ್ಯೂಮಿನಿಯಂ ಪಟ್ಟಿಗಳನ್ನು ವೆಲ್ಡ್ ಮಾಡದೆ ಅಂಟು ಹಾಕಿ ಕೂಡಿಸಿದ್ದಾರೆ. ಅರವತ್ತೆಂಟು ಕೆಜಿ ಅಂದರೆ ನನ್ನ ವಾರ್ಡಿನಲ್ಲಿ ದಿನಾ ಮಗ್ಗುಲು ಬದಲಿಸೋ ಎಷ್ಟೋ ಅಜ್ಜಂದಿರಿಗಿಂತ ಹಗುರ. ನಮ್ಮ 2005ರ ಕಾರು ಪೂರ್ತಿ ಸೇರಿ ಸುಮಾರು 860 ಕೆಜಿ, ಟೊಯೋಟಾದ 1.8 ಲೀಟರ್ ಇಂಜಿನ್, 189 ಹಾರ್ಸ್ ಪವರ್. ಹಗುರ ಕಾರಿಗೆ ಅದು ಧಾರಾಳ.

ಈಗ ವಿಷಯಕ್ಕೆ ಬರೋಣ. ಮಾರ್ಚ್‌ನಲ್ಲಿ ಎಂಒಟಿ ಇತ್ತು. ಊರಿನವರಿಗೆ ಹೇಳೋದಾದರೆ ನಮ್ಮ ಎಫ್‌ಸಿ ಇದ್ದ ಹಾಗೆ, ಆದರೆ ಇಲ್ಲಿ ಮೂರು ವರ್ಷ ದಾಟಿದ ಎಲ್ಲ ಕಾರಿಗೂ ಪ್ರತಿ ವರ್ಷ. ಕಾರು ಪಾಸಾಯ್ತು. ಕೆಳಗಡೆ ಒಂದು ಸಾಲಿನ ಅಡ್ವೈಸರಿ: ಹಿಂದಿನ ಎಡಗಡೆ ಸಸ್ಪೆನ್ಶನ್ ಜಾಯಿಂಟಿನಲ್ಲಿ ಸ್ವಲ್ಪ ಪ್ಲೇ ಇದೆ.

ಯಜಮಾನ್ರು ಕಾಗದ ಮಡಚಿ ಡ್ರಾಯರಿಗೆ ಹಾಕಿ, "ಪಾಸಾಗಿದೆ" ಅಂದರು.

ನಾನು ಕಾಗದ ಮತ್ತೆ ತೆಗೆದು ಓದಿದೆ. ನರ್ಸುಗಳ ಹಣೆಬರಹ ಇದು. ಡಾಕ್ಟರು "ಸ್ಟೇಬಲ್" ಅಂತ ಬರೆದ ಚಾರ್ಟಿನಲ್ಲೂ ಕೆಳಗಿನ ಸಾಲು ಓದೋದು ನಾವೇ.

ಆ ಜಾಯಿಂಟ್ ಯಾವುದು ಅಂತ ಹೇಳೋಕೆ ಮುಂಚೆ ಟೋ ಅಂದರೇನು ಅಂತ ಹೇಳಬೇಕು. ಎದ್ದು ನಿಂತು ನಿಮ್ಮ ಪಾದ ನೋಡಿಕೊಳ್ಳಿ. ಎರಡೂ ಹೆಬ್ಬೆರಳು ಒಳಗೆ ತಿರುಗಿದ್ದರೆ ಟೋ ಇನ್, ಹೊರಗೆ ತಿರುಗಿದ್ದರೆ ಟೋ ಔಟ್. ಚಕ್ರಕ್ಕೂ ಅಷ್ಟೇ, ಮೇಲಿನಿಂದ ನೋಡಿದಾಗ ಅದರ ಮೂತಿ ಯಾವ ಕಡೆ ಅನ್ನೋದು. ಮುಂದಿನ ಚಕ್ರದ ದಿಕ್ಕನ್ನು ಸ್ಟೀರಿಂಗಿನ ಟೈ ರಾಡ್ ಹಿಡಿದಿರುತ್ತೆ, ಇದು ನಮ್ಮೂರ ಆಟೋ ಗ್ಯಾರೇಜಿನ ಹುಡುಗನಿಗೂ ಗೊತ್ತು. ಎಲೀಸ್ ಥರದ ಕಾರಿನಲ್ಲಿ ಹಿಂದಿನ ಚಕ್ರಕ್ಕೂ ಅಂಥದ್ದೇ ಒಂದೊಂದು ರಾಡ್ ಇದೆ. ಅದು ಸ್ಟೀರಿಂಗಿಗೆ ಸೇರಿಲ್ಲ. ಒಂದು ತುದಿ ಚಕ್ರದ ಹಬ್ಬಿಗೆ, ಇನ್ನೊಂದು ತುದಿ ಇಂಜಿನ್ ಹಿಂದಿರೋ ಸ್ಟೀಲ್ ಸಬ್‌ಫ್ರೇಮಿಗೆ. ಅದಕ್ಕೇ ಟೋ ಲಿಂಕ್ ಅನ್ನೋದು. ಅದರ ಕೆಲಸ ಒಂದೇ: ಹಿಂದಿನ ಚಕ್ರ ಮೇಲೆ ಕೆಳಗೆ ಆಡಲಿ, ಆದರೆ ದಿಕ್ಕು ತಪ್ಪಬಾರದು. ಹಿಂದಿನ ಎರಡೂ ಚಕ್ರ ಕೂದಲೆಳೆಯಷ್ಟು ಒಳಗೆ ತಿರುಗಿದ್ದರೆ ಕಾರು ನೆಟ್ಟಗೆ, ಸಾಧುವಾಗಿ ಓಡುತ್ತೆ. ಹೊರಗೆ ತಿರುಗಿದರೆ ತಿರುವಿನಲ್ಲಿ ಹಿಂಭಾಗ ತಾನೇ ಮುಂದೆ ಹೋಗ್ತೀನಿ ಅಂತ ಹೊರಡುತ್ತೆ. ಇಂಜಿನ್ ಹಿಂದಿರೋ ಕಾರಿನಲ್ಲಿ ಭಾರದ ದೊಡ್ಡ ಪಾಲು ಹಿಂದೆಯೇ ಇರೋದರಿಂದ, ಒಮ್ಮೆ ಹೊರಟರೆ ತಡೆಯೋದು ಕಷ್ಟ.

ಆ ರಾಡಿನ ಒಳತುದಿಯಲ್ಲಿ ಬಾಲ್ ಜಾಯಿಂಟ್. ಗುಂಡಿಗೆ ಒಂದು ಕುತ್ತಿಗೆ, ಅಂದರೆ ಸ್ಟಡ್ಡು. ಆ ಸ್ಟಡ್ಡು ಸಬ್‌ಫ್ರೇಮಿನ ತಗಡಿನೊಳಗೆ ತೂರಿ ಆ ಕಡೆ ನಟ್ಟು. ಗುಂಡು ತಗಡಿನಿಂದ ಹೊರಗೆ ಚಾಚಿಕೊಂಡಿರುತ್ತೆ. ಹಿಡಿತ ಇರೋದು ಒಂದೇ ಕಡೆ. ಇಂಜಿನಿಯರುಗಳು ಇದನ್ನ ಸಿಂಗಲ್ ಶಿಯರ್ ಅಂತಾರೆ.

ಇದನ್ನ ನೋಡಿದ ತಕ್ಷಣ ನನಗೆ ನೆನಪಾಗಿದ್ದು ತೊಡೆ ಮೂಳೆ. ನಾನಿರೋದು ಆರ್ಥೋ ವಾರ್ಡಿನಲ್ಲಿ. ಬರೋ ಅಜ್ಜಿಯರಲ್ಲಿ ಬಹಳ ಮಂದಿ ಬರೋದು ಫೀಮರಿನ ಕುತ್ತಿಗೆ ಮುರಿದುಕೊಂಡು. ತೊಡೆ ಮೂಳೆಯ ಗುಂಡು ನೆಟ್ಟಗೆ ಮೂಳೆ ಮೇಲೆ ಕೂತಿಲ್ಲ, ಪಕ್ಕಕ್ಕೆ ಚಾಚಿದೆ. ದೇಹದ ಭಾರ ಗುಂಡಿನ ಮೇಲೆ, ಬಗ್ಗಿಸೋ ಒತ್ತಡ ಕುತ್ತಿಗೆ ಮೇಲೆ. ಮೂಳೆ ಗಟ್ಟಿ ಇರೋವರೆಗೆ ಏನೂ ಆಗಲ್ಲ. ಟೊಳ್ಳಾದ ಮೇಲೆ ಬಚ್ಚಲಲ್ಲಿ ಒಂದು ಸಲ ಜಾರಿದರೆ ಸಾಕು. ಟೋ ಲಿಂಕಿನ ಸ್ಟಡ್ಡೂ ಹಾಗೇ. ತಿರುವಿನಲ್ಲಿ ರಾಡ್ ಎಳೆದಾಗ, ನೂಕಿದಾಗ ಗುಂಡಿನ ಮೇಲೆ ಬಲ, ಬಗ್ಗೋದು ಕುತ್ತಿಗೆ. ಹೀಗೆ ಸಾವಿರಾರು ಸಲ, ಒಂದು ಸಲ ಆ ಕಡೆ, ಒಂದು ಸಲ ಈ ಕಡೆ.

ರಸ್ತೆಯಲ್ಲಿ, ರಸ್ತೆ ಟೈರಿನಲ್ಲಿ ಓಡಿಸಿದರೆ ಇದು ವರ್ಷಗಟ್ಟಲೆ ಬಾಳುತ್ತೆ, ಬಾಳಿದೆ ಕೂಡ. ರಸ್ತೆಗೆ ಅಂತ ಲೆಕ್ಕ ಹಾಕಿದ ಜಾಯಿಂಟ್ ಅದು. ತೊಂದರೆ ಶುರುವಾಗೋದು ಮೆತ್ತನೆ ರಬ್ಬರಿನ, ರಸ್ತೆಗೆ ಕಚ್ಚಿಕೊಳ್ಳೋ ಟೈರು ಹಾಕಿ ಟ್ರ್ಯಾಕಿಗೆ ಒಯ್ದಾಗ. ಅಲ್ಲಿ ತಿರುವಿನ ಬಲವೇ ಬೇರೆ, ಪಕ್ಕದ ಕಲ್ಲುಗಟ್ಟೆಗಳ ಮೇಲೆ ಚಕ್ರ ಹತ್ತಿ ಇಳಿಯೋ ಹೊಡೆತವೇ ಬೇರೆ. ಜೊತೆಗೆ ವಯಸ್ಸು, ಚಳಿಗಾಲದಲ್ಲಿ ಇಲ್ಲಿನ ರಸ್ತೆಗೆ ಚೆಲ್ಲೋ ಉಪ್ಪು. ಜಾಯಿಂಟಿನಲ್ಲಿ ಪ್ಲೇ ಬಂತು ಅಂದರೆ ಪ್ರತಿ ಸಲ ಬಲ ಬೀಳೋದು ಸುತ್ತಿಗೆ ಏಟಿನ ಹಾಗೆ. ಅದಕ್ಕೇ ಎಲೀಸ್ ಟ್ರ್ಯಾಕಿಗೆ ಒಯ್ಯೋರು ಬಹಳ ಹಿಂದಿನಿಂದ ಮೊದಲು ಬದಲಿಸೋ ಸಾಮಾನುಗಳಲ್ಲಿ ಇದೊಂದು.

ಇಷ್ಟೆಲ್ಲ ಗೊತ್ತಾದ ಮೇಲೆ ನನ್ನ ಚಿಂತೆ ಏನಂದರೆ, ಯಜಮಾನ್ರು ಮೇ ತಿಂಗಳಿಗೆ ಸ್ನೆಟರ್ಟನ್ ಟ್ರ್ಯಾಕಿನಲ್ಲಿ ಒಂದು ದಿನ ಬುಕ್ ಮಾಡಿದ್ದರು. ಅದೂ ನಾರ್ಫಕ್ಕೇ, ಎ11 ರಸ್ತೆಯಲ್ಲಿ ಹೋದರೆ ಸಿಗುತ್ತೆ. ಅದಕ್ಕೆ ಮುಂಚೆ ಕಾರಿಗೆ ಹೊಸ ಎಕ್ಸಾಸ್ಟ್ ಹಾಕಿಸೋದು ಅವರ ಆಸೆ. ಒಂಬೈನೂರು ಪೌಂಡು ತೆಗೆದಿಟ್ಟಿದ್ದರು.

"ಮೊದಲು ಟೋ ಲಿಂಕ್, ಆಮೇಲೆ ನಿಮ್ಮ ಪೀಪಿ," ಅಂದೆ.

"ಸ್ವಲ್ಪ ಪ್ಲೇ ಅಂತ ಬರೆದಿದ್ದಾರೆ ಮಾರಾಯ್ತಿ. ಸ್ವಲ್ಪ! ಜಾಸ್ತಿ ಆದಾಗ ಗೊತ್ತಾಗುತ್ತೆ, ಸದ್ದು ಬರುತ್ತೆ, ಆಗ ಮಾಡಿಸೋಣ."

"ಗೊತ್ತಾಗೋದು ಎಲ್ರೀ? ಟ್ರ್ಯಾಕಿನಲ್ಲಿ ನೂರು ಮೈಲಿ ಸ್ಪೀಡಿನಲ್ಲಾ?"

ನಮ್ಮ ವಾರ್ಡಿನಲ್ಲಿ ನ್ಯೂಸ್ ಸ್ಕೋರ್ ಅಂತ ಇದೆ. ಉಸಿರು, ಆಕ್ಸಿಜನ್, ಬಿಪಿ, ನಾಡಿ, ಜ್ವರ, ಎಚ್ಚರ, ಒಂದೊಂದಕ್ಕೂ ಅಂಕ. ಒಟ್ಟು ಏಳು ಮುಟ್ಟಿದರೆ ತುರ್ತು ತಂಡವನ್ನ ಕರೀಬೇಕು. ಮನುಷ್ಯನ ದೇಹ ಸಾಮಾನ್ಯವಾಗಿ ಕುಸಿಯೋಕೆ ಮುಂಚೆ ಏನಾದರೂ ಹೇಳುತ್ತೆ, ಕೇಳಿಸಿಕೊಳ್ಳೋರು ಬೇಕು ಅಷ್ಟೇ. ಬೋಲ್ಟಿಗೆ ಜ್ವರ ಬರಲ್ಲ. ಒಳಗೆ ಕೂದಲೆಳೆ ಬಿರುಕು ಶುರುವಾಗುತ್ತೆ, ಪ್ರತಿ ತಿರುವಿಗೂ ಒಂದಿಷ್ಟು ಬೆಳೆಯುತ್ತೆ, ಉಳಿದ ಭಾಗ ತಡೆಯೋಕೆ ಆಗದೆ ಇದ್ದಾಗ ಒಂದೇ ಏಟಿಗೆ ತುಂಡು. ಆಗ ಹಿಂದಿನ ಚಕ್ರ ತನಗೆ ಬೇಕಾದ ಕಡೆ ತಿರುಗುತ್ತೆ, ಸ್ಟೀರಿಂಗ್ ಹಿಡಿದವರು ಏನು ಮಾಡಿದರೂ ಪ್ರಯೋಜನ ಇಲ್ಲ. ಜಾಯಿಂಟಿನಿಂದ ಸಿಗೋ ಒಂದೇ ಒಂದು ಸುಳಿವು ಆ ಪ್ಲೇ. ಅದನ್ನೇ ಡ್ರಾಯರಿಗೆ ಹಾಕಿದರೆ ಹೇಗೆ?

ಮಾತು ಬೆಳೀತು, ಎರಡು ದಿನ ಮನೆಯಲ್ಲಿ ಸಾರು ಅನ್ನ ಮಾತ್ರ, ಮಾತಿಲ್ಲ.

ಮೂರನೇ ದಿನ ಅಪ್ಪಾಜಿಗೆ ವಿಡಿಯೋ ಕಾಲ್ ಮಾಡಿದೆ. ಅಪ್ಪಾಜಿ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದೋರು, ರಿಟೈರ್ ಆಗಿ ವರ್ಷಗಳಾದವು. ಅಳಿಯನ ಮುಂದೆ ಯಾವತ್ತೂ ಎದುರು ಮಾತಾಡಿದೋರಲ್ಲ. ನಾನು ಫೋಟೋ ತೋರಿಸಿ ಹೀಗ್ಹೀಗೆ ಅಂತ ವಿವರಿಸಿದೆ. ಕನ್ನಡಕ ಮೇಲೆತ್ತಿ ನೋಡಿದರು.

"ಪುಟ್ಟಿ, ನಮ್ಮನೆ ಬಾವಿ ರಾಟೆ ನೆನಪೈತಾ?"

"ಐತೆ ಅಪ್ಪಾಜಿ."

"ರಾಟೆ ಅಚ್ಚನ್ನ ಎರಡೂ ಕಡೆ ಯಾಕೆ ಕೂರಿಸ್ತಾರೆ? ಒಂದೇ ಕಡೆ ಗೋಡೆಗೆ ಮೊಳೆ ಹೊಡೆದು ರಾಟೆ ತೂಗು ಹಾಕಿದ್ರೆ ಎಷ್ಟು ಕೊಡ ನೀರು ಸೇದಬೌದು? ಟ್ರಾಕ್ಟರ್ ಟ್ರೈಲರ್ ಕೊಂಡಿ ನೋಡು, ಪಿನ್ನು ಮೇಲಿನ ಪಟ್ಟಿನಾಗೂ ಹೋಗ್ತತಿ, ಕೆಳಗಿನ ಪಟ್ಟಿನಾಗೂ ಹೋಗ್ತತಿ. ಅದಕ್ಕೇ ಅಷ್ಟು ಕಬ್ಬಿನ ಲೋಡು ಎಳೀತತಿ."

ಯಜಮಾನ್ರು ಪಕ್ಕದಲ್ಲೇ ಲ್ಯಾಪ್‌ಟಾಪ್ ನೋಡೋ ಹಾಗೆ ಕೂತಿದ್ದರು. ಅಪ್ಪಾಜಿಗೆ ಅದು ಕಂಡಿತ್ತು ಅನಿಸುತ್ತೆ, ಗಲಾಟೆ ಮಾಡದೆ "ಅಳಿಯಂದಿರಿಗೆ ಗೊತ್ತಿರ್ತತಿ ಬಿಡು" ಅಂತ ಫೋನಿಟ್ಟರು. ಅವತ್ತು ರಾತ್ರಿ ಯಜಮಾನ್ರೇ ಕಿಟ್ ಆರ್ಡರ್ ಮಾಡಿದರು. ಮುನ್ನೂರೆಂಬತ್ತು ಪೌಂಡು. ಬಾವಿ ರಾಟೆ ಎದುರು ಎಕ್ಸಾಸ್ಟ್ ಸೋತಿತು.

ಆ ಕಿಟ್ಟಿನಲ್ಲಿ ಇರೋದು ರಾಟೆಯ ಲೆಕ್ಕಾಚಾರವೇ. ಒಳಗಿನ ಗುಂಡಿನ ಜಾಯಿಂಟ್ ತೆಗೆದು ಅದರ ಜಾಗಕ್ಕೆ ರೋಸ್ ಜಾಯಿಂಟ್, ಅಂದರೆ ನಡುವೆ ತೂತಿರೋ ಗುಂಡು. ಆ ತೂತಿನ ಮೂಲಕ ಒಂದು ಗಟ್ಟಿ ಬೋಲ್ಟು. ಬೋಲ್ಟಿನ ಒಂದು ತುದಿ ಸಬ್‌ಫ್ರೇಮಿನಲ್ಲಿ, ಇನ್ನೊಂದು ತುದಿಗೆ ಹೊಸ ಬ್ರಾಕೆಟ್ಟು. ಎಡ ಬಲ ಎರಡೂ ಬ್ರಾಕೆಟ್ಟುಗಳನ್ನ ಕೂಡಿಸೋ ಒಂದು ಅಡ್ಡಪಟ್ಟಿ. ಈಗ ರಾಡ್ ಹಿಡಿದ ಬೋಲ್ಟಿಗೆ ಎರಡೂ ಕಡೆ ಆಧಾರ. ಕತ್ತರಿಸೋ ಬಲ ಎರಡು ಕಡೆ ಹಂಚಿಹೋಯ್ತು ಅನ್ನೋದು ಅರ್ಧ ಲಾಭ. ಅದಕ್ಕಿಂತ ದೊಡ್ಡ ಲಾಭ, ಕುತ್ತಿಗೆ ಬಗ್ಗೋದು ಹೆಚ್ಚುಕಡಿಮೆ ನಿಂತೇ ಹೋಗುತ್ತೆ. ಇದೇ ಡಬಲ್ ಶಿಯರ್. ರಾಡೂ ಹೊಸದು, ಒಂದು ತುದಿಗೆ ಎಡ ಮರೆ, ಇನ್ನೊಂದು ತುದಿಗೆ ಬಲ ಮರೆ, ತಿರುಗಿಸಿದರೆ ಉದ್ದ ಆಗುತ್ತೆ ಅಥವಾ ಗಿಡ್ಡ ಆಗುತ್ತೆ. ಕಾಲಿಗೆ ಹೊರಗಿನಿಂದ ಹಾಕೋ ಇಲಿಜಾರೋವ್ ಫ್ರೇಮಿನಲ್ಲಿ ದಿನಕ್ಕೆ ಒಂದಿಷ್ಟು ಅಂತ ನಟ್ಟು ತಿರುಗಿಸಿ ಮೂಳೆ ಉದ್ದ ಮಾಡೋದನ್ನ ಕಂಡಿರೋ ನನಗೆ ಇದು ಹಳೇ ಪರಿಚಯ.

ಕೆಲಸ ನಾವೇ ಮಾಡೋದು ಅಂತ ತೀರ್ಮಾನ ಆಯ್ತು. ಹತ್ತಿರದ ಗ್ಯಾರೇಜಿನವರು ಆರು ವಾರ ಆಮೇಲೆ ದಿನಾಂಕ ಕೊಟ್ಟಿದ್ದರು, ಟ್ರ್ಯಾಕ್ ದಿನಕ್ಕೆ ಅದು ಆಗೋ ಮಾತಲ್ಲ. ಎರಡು ಭಾನುವಾರ ತಗೊಂಡ್ವಿ.

ಮೊದಲ ಭಾನುವಾರ ಬಿಚ್ಚೋದೇ ಆಯ್ತು. ಅಲ್ಯೂಮಿನಿಯಂ ಚಾಸಿ, ಕಂಡಲ್ಲಿ ಜಾಕ್ ಕೊಡೋ ಹಾಗಿಲ್ಲ. ಕೈಪಿಡಿ ತೋರಿಸಿದ ಜಾಗಕ್ಕೇ ಕೊಟ್ಟು, ಎತ್ತಿ, ಕೆಳಗೆ ಸ್ಟ್ಯಾಂಡ್ ಇಟ್ಟು, ಅಲ್ಲಾಡಿಸಿ ನೋಡಿ ಆಮೇಲೆ ಕೆಳಗೆ ಹೋದ್ವಿ. ಜಾಕಿನ ಮೇಲೆ ಮಾತ್ರ ನಿಂತ ಕಾರಿನ ಕೆಳಗೆ ಯಾರೂ ಹೋಗಬೇಡಿ, ಐದು ನಿಮಿಷಕ್ಕೂ ಬೇಡ, ಒಂದು ನಟ್ಟು ಬಿಗಿಯೋಕೂ ಬೇಡ. ಅಂಥವರನ್ನ ಆಮೇಲೆ ನೋಡಿಕೊಳ್ಳೋದು ನಮ್ಮಂಥೋರು.

ಚಕ್ರ ಬಿಚ್ಚೋಕೆ ಮುಂಚೆ ಒಂದು ಪರೀಕ್ಷೆ. ಗಡಿಯಾರದ ಮೂರು, ಒಂಬತ್ತರ ಜಾಗದಲ್ಲಿ ಚಕ್ರ ಹಿಡಿದು ಯಜಮಾನ್ರು ಒಳಗೂ ಹೊರಗೂ ಅಲ್ಲಾಡಿಸಿದರು, ನಾನು ಕೆಳಗಿನಿಂದ ಒಳಜಾಯಿಂಟಿನ ಮೇಲೆ ಬೆರಳಿಟ್ಟೆ. ಬಲಗಡೆ ಕಲ್ಲಿನ ಹಾಗೆ. ಎಡಗಡೆ ಬೆರಳ ಕೆಳಗೆ ಟಿಕ್ ಅಂತ ಸಣ್ಣ ಮಿಡಿತ. ಕಿವಿಗೆ ಕೇಳಲ್ಲ. ನಾಡಿ ಹಿಡಿದು ಅಭ್ಯಾಸ ಇರೋ ಬೆರಳು, ಅದಕ್ಕೆ ಗೊತ್ತಾಯ್ತು. "ಬನ್ನಿ, ನೀವೇ ನೋಡಿ" ಅಂತ ಜಾಗ ಬದಲಾಯಿಸಿದೆ. ಅವರೂ ಬೆರಳಿಟ್ಟರು. ಏನೂ ಹೇಳಲಿಲ್ಲ, ಪಾನಾ ತರೋಕೆ ಹೋದರು.

ಕೆಳಗಿನ ತಗಡು, ಹಿಂದಿನ ಡಿಫ್ಯೂಸರು ಬಿಚ್ಚೋದಕ್ಕೇ ಒಂದು ಗಂಟೆ. ಹತ್ತೊಂಬತ್ತು ಚಳಿಗಾಲದ ಉಪ್ಪು ತಿಂದ ಸ್ಕ್ರೂಗಳು. ನಟ್ಟುಗಳಿಗೆ ತುಕ್ಕು ಬಿಡಿಸೋ ಎಣ್ಣೆಯನ್ನ ಹಿಂದಿನ ರಾತ್ರಿಯೇ ಹಾಕಿದ್ವಿ, ಆದರೂ ಎಡಗಡೆಯ ಸ್ಟಡ್ಡು ಅಲ್ಲಾಡಲಿಲ್ಲ. ಯಜಮಾನ್ರ ಕೈ ಸುತ್ತಿಗೆ ಕಡೆ ಹೋಯ್ತು, ನಾನು ಬೇಡ ಅಂದೆ. ಬಾಲ್ ಜಾಯಿಂಟ್ ಬಿಡಿಸೋಕೆ ಅದಕ್ಕೇ ಅಂತ ಇಕ್ಕಳದಂಥ ಸಾಮಾನು ಬಾಡಿಗೆಗೆ ಸಿಗುತ್ತೆ. ಅದನ್ನ ಹಾಕಿ ಬಿಗಿದು, ಹಾಗೇ ಬಿಟ್ಟು, ಒಳಗೆ ಹೋಗಿ ಉಪ್ಪಿಟ್ಟು ತಿಂದು ಬಂದು ಅರ್ಧ ಸುತ್ತು ತಿರುಗಿಸಿದ್ವಿ. ಪಟಾಕಿ ಹೊಡೆದ ಹಾಗೆ ಸದ್ದು ಬಂದು ಬಿಟ್ಟುಕೊಂಡಿತು. ಪಕ್ಕದ ಮನೆ ಬೆಕ್ಕು ಬೇಲಿ ಹಾರಿತು.

ಹೊರಗೆ ಬಂದ ಸ್ಟಡ್ಡಿನ ಸುತ್ತ ಇಟ್ಟಿಗೆ ಬಣ್ಣದ ನುಣ್ಣನೆ ಪುಡಿ. ಇದು ಸಾಮಾನ್ಯ ತುಕ್ಕಲ್ಲ. ಬಿಗಿಯಾಗಿ ಕೂತಿರಬೇಕಾದ ಎರಡು ಲೋಹ ಒಂದಕ್ಕೊಂದು ಉಜ್ಜಿಕೊಂಡಾಗ ಬರೋ ಪುಡಿ. ಒರೆಸಿದ ಮೇಲೆ ಕುತ್ತಿಗೆ ಹತ್ತಿರ ಕನ್ನಡಿಯಂತೆ ಹೊಳೆಯೋ ಒಂದು ಪಟ್ಟೆ. ಬಿರುಕು ಕಾಣಲಿಲ್ಲ, ಇದ್ದಿದ್ದನ್ನ ಇದ್ದ ಹಾಗೆ ಹೇಳಬೇಕು. ಇವತ್ತೋ ನಾಳೆಯೋ ಮುರೀತಿತ್ತು ಅಂತ ನಾನು ಹೇಳಲ್ಲ. ಫೋಟೋ ಅಪ್ಪಾಜಿಗೆ ಹೋಯ್ತು. ಎರಡು ಶಬ್ದದ ಉತ್ತರ: "ಇದು ಓಡಾಡೈತೆ."

ಬಿಚ್ಚಿದ ಹಳೇ ರಾಡನ್ನ ಎಸೆಯೋಕೆ ಮುಂಚೆ ಹೊಸದರ ಪಕ್ಕ ಮಲಗಿಸಿ, ಗುಂಡಿನ ನಡುವಿನಿಂದ ಗುಂಡಿನ ನಡುವಿಗೆ ಅಳೆದು ಅಷ್ಟೇ ಉದ್ದ ಮಾಡಿಕೊಂಡ್ವಿ. ಇದನ್ನ ಬಿಟ್ಟರೆ ಅಲೈನ್‌ಮೆಂಟ್ ಅಂಗಡಿವರೆಗೂ ಕಾರು ಏಡಿಯ ಹಾಗೆ ಹೋಗುತ್ತೆ. ಎರಡೂ ತುದಿಯಲ್ಲಿ ಮರೆ ಇರೋದರಿಂದ ಒಂದು ಸುತ್ತು ತಿರುಗಿಸಿದರೆ ಎರಡು ಎಳೆಯಷ್ಟು ಉದ್ದ ಬದಲಾಗುತ್ತೆ ಅನ್ನೋದೂ ನೆನಪಿರಲಿ.

ಎರಡನೇ ಭಾನುವಾರ ಕೂಡಿಸೋದು. ಇಲ್ಲಿ ನನ್ನ ಕಟ್ಟುನಿಟ್ಟು. ಕಿಟ್ಟಿನ ಜೊತೆ ಬಂದ ಹಾಳೆಯನ್ನ ಗೋಡೆಗೆ ಅಂಟಿಸಿದೆ. ರೋಸ್ ಜಾಯಿಂಟಿನ ಎರಡೂ ಕಡೆ ತೆಳು ದಪ್ಪ ಬಿಲ್ಲೆಗಳು ಬರುತ್ತವೆ, ಯಾವುದರ ಮೇಲೆ ಯಾವುದು ಅನ್ನೋದು ಅಲಂಕಾರಕ್ಕಲ್ಲ. ಒಳಜಾಯಿಂಟಿನ ಎತ್ತರ ಮೊದಲಿದ್ದಷ್ಟೇ ಇರಬೇಕು. ಅದು ಬದಲಾದರೆ ಚಕ್ರ ಗುಂಡಿಗೆ ಇಳಿದು ಹತ್ತುವಾಗ ಪ್ರತಿ ಸಲ ದಿಕ್ಕೂ ಸ್ವಲ್ಪ ಬದಲಾಗುತ್ತೆ, ಇದನ್ನ ಬಂಪ್ ಸ್ಟಿಯರ್ ಅಂತಾರೆ. ಗಟ್ಟಿ ಜಾಯಿಂಟ್ ಹಾಕಿ ಹೊಸ ಕಾಯಿಲೆ ತಂದುಕೊಂಡ ಹಾಗೆ.

ನೈಲಾನ್ ಉಂಗುರ ಇರೋ ನಟ್ಟುಗಳು ಒಂದೇ ಸಲಕ್ಕೆ. ಹಳೇದನ್ನ ತೊಳೆದು ಮತ್ತೆ ಹಾಕೋ ಉಳಿತಾಯ ನಮ್ಮೂರ ಗುಣ, ಇಲ್ಲಿ ಬೇಡ. ಸಿರಿಂಜಿನ ಥರ ಅಂದುಕೊಳ್ಳಿ. ಟಾರ್ಕ್ ರೆಂಚಿನಲ್ಲಿ ಹಾಳೆಯಲ್ಲಿರೋ ಅಂಕೆಗೆ ಬಿಗಿಯೋದು. ವಾರ್ಡಿನಲ್ಲಿ ಮಾರ್ಫಿನ್ ಕೊಡೋ ಮುಂಚೆ ಇಬ್ಬರು ನರ್ಸು ನೋಡಿ ಇಬ್ಬರೂ ಸಹಿ ಹಾಕ್ತೀವಲ್ಲ, ಅದನ್ನೇ ಗ್ಯಾರೇಜಿಗೆ ತಂದೆ. ಅವರು ಬಿಗಿಯೋದು, ನಾನು ಅಂಕೆ ಜೋರಾಗಿ ಓದೋದು, ರೆಂಚು ಕ್ಲಿಕ್ ಅಂದ ಮೇಲೆ ನಾನು ಇನ್ನೊಮ್ಮೆ ನೋಡೋದು, ಆಮೇಲೆ ನಟ್ಟಿನಿಂದ ಬೋಲ್ಟಿನವರೆಗೆ ಬಿಳಿ ಬಣ್ಣದ ಒಂದು ಗೆರೆ. ನಟ್ಟು ಒಂಚೂರು ತಿರುಗಿದರೂ ಗೆರೆ ಮುರಿದು ಕಾಣುತ್ತೆ, ಮುಂದೆ ಪರೀಕ್ಷೆಗೆ ಪಾನಾ ಬೇಡ, ಟಾರ್ಚ್ ಸಾಕು. ಯಜಮಾನ್ರು "ಸಿಸ್ಟರ್, ಈ ಬೋಲ್ಟಿಗೆ ಕೈಗೆ ಪಟ್ಟಿ ಕಟ್ಟಲ್ವಾ, ಹೆಸರು, ಜನ್ಮದಿನಾಂಕ?" ಅಂತ ಕೆಣಕಿದರು. ಅಂತೂ ಮಾತು ಶುರುವಾಯ್ತಲ್ಲ ಅಂತ ನಾನೂ ನಕ್ಕೆ.

ಸಂಜೆ ಕಾರಿನ ಎರಡೂ ಬದಿ ದಾರ ಕಟ್ಟಿ, ದಾರದಿಂದ ಚಕ್ರದ ಮುಂದಂಚು ಹಿಂದಂಚು ಅಳೆದು ಟೋ ಒಂದು ಮಟ್ಟಕ್ಕೆ ತಂದ್ವಿ. ಗಾರೆಯವರು ಗೋಡೆ ನೆಟ್ಟಗೆ ಏಳಿಸೋಕೆ ದಾರ ಕಟ್ಟೋದು ಇದೇ ಲೆಕ್ಕ. ಅಂಗಡಿವರೆಗೆ ನಿಧಾನವಾಗಿ ಓಡಿಸೋಕೆ ಇದು ಸಾಕು, ಕೊನೆಯ ಮಾತು ಇದಲ್ಲ. ಮಾರನೇ ವಾರ ನಾಲ್ಕೂ ಚಕ್ರದ ಲೇಸರ್ ಅಲೈನ್‌ಮೆಂಟ್ ಮಾಡಿಸಿದ್ವಿ. ನೂರರವತ್ತು ಪೌಂಡು. ಯಾವ ಸಸ್ಪೆನ್ಶನ್ ಸಾಮಾನು ಬದಲಿಸಿದರೂ ಈ ಖರ್ಚನ್ನ ಮೊದಲೇ ಸೇರಿಸಿಕೊಳ್ಳಿ.

ಇನ್ನೊಂದು, ಇದು ಯುಕೆಯಲ್ಲಿ ಇರೋರಿಗೆ. ಕಾರಿನ ಮೂಲ ಸಾಮಾನು ಬದಲಾಯಿಸಿದರೆ ಇನ್ಶೂರೆನ್ಸಿನವರಿಗೆ ಹೇಳಲೇಬೇಕು, ಸುರಕ್ಷತೆಗೇ ಮಾಡಿದ್ದರೂ. ನಾನೇ ಫೋನ್ ಮಾಡಿದೆ. ಆ ಕಡೆಯ ಹುಡುಗಿಗೆ ಟೋ ಲಿಂಕ್ ಅಂದರೆ ಗೊತ್ತಿರಲಿಲ್ಲ, ಬಾವಿ ರಾಟೆ ಇಂಗ್ಲಿಷಿನಲ್ಲಿ ಹೇಳೋಕೆ ನನಗೆ ಬರಲಿಲ್ಲ, "ರಿಯರ್ ಸಸ್ಪೆನ್ಶನ್, ಸ್ಟ್ರಾಂಗರ್ ಪಾರ್ಟ್" ಅಂತ ಬರೆಸಿ ಮುಗಿಸಿದೆ. ರಸ್ತೆಯ ಪಾಲಿಸಿ ಟ್ರ್ಯಾಕಿಗೆ ಸಾಮಾನ್ಯವಾಗಿ ಸಲ್ಲೋಲ್ಲ, ಅದಕ್ಕೆ ಆ ಒಂದು ದಿನದ ಬೇರೆ ಕವರ್. ಅದಕ್ಕೂ ದುಡ್ಡು.

ಇಷ್ಟು ಮಾಡಿಸಿದ ಮೇಲೆ ಕಾರು ರಾಕೆಟ್ ಆಯ್ತಾ ಅಂತ ಕೇಳಿದರೆ, ಇಲ್ಲ. ಮನೆಯಿಂದ ಆಸ್ಪತ್ರೆಗೆ ಹೋಗೋ ರಸ್ತೆಯಲ್ಲಿ ನನಗೆ ಒಂದು ಚೂರೂ ವ್ಯತ್ಯಾಸ ಗೊತ್ತಾಗಲಿಲ್ಲ. ಯಜಮಾನ್ರು ಹಿಂಭಾಗ ಗಟ್ಟಿಯಾಗಿ ಕೂತ ಹಾಗಿದೆ ಅಂತಾರೆ, ಮುನ್ನೂರೆಂಬತ್ತು ಕೊಟ್ಟವರು ಹಾಗೆ ಹೇಳಲೇಬೇಕು. ರೋಸ್ ಜಾಯಿಂಟಿಗೆ ತನ್ನದೇ ದೌರ್ಬಲ್ಯವೂ ಇದೆ. ಅದರೊಳಗೆ ನೀರು, ಮಣ್ಣು, ಉಪ್ಪು ಸೇರಿದರೆ ಬೇಗ ಸವೆದು ಟಕಟಕ ಅನ್ನೋಕೆ ಶುರು ಮಾಡುತ್ತೆ. ನಾವು ರಬ್ಬರ್ ಬೂಟ್ ಹಾಕಿದ್ದೀವಿ, ಆದರೂ ಚಳಿಗಾಲ ಮುಗಿದ ಮೇಲೆ ಪ್ರತಿ ವರ್ಷ ಬಿಚ್ಚಿ ನೋಡಬೇಕು. ಒಮ್ಮೆ ಹಾಕಿ ಮರೆತುಬಿಡೋ ಸಾಮಾನಲ್ಲ ಇದು. ಕಾರನ್ನ ಟ್ರ್ಯಾಕಿಗೆ ಒಯ್ಯದೆ, ಬರೀ ಬಿಸಿಲು ಬಂದಾಗ ಐಸ್‌ಕ್ರೀಮ್ ತಿನ್ನೋಕೆ ಕ್ರೋಮರ್ ಬೀಚಿಗೆ ಹೋಗೋರಾದರೆ ಈ ಕಿಟ್ ಬೇಕಾ? ಹೊಸ ಮೂಲ ಜಾಯಿಂಟ್ ಹಾಕಿಸಿ ವರ್ಷಕ್ಕೊಮ್ಮೆ ಬೆರಳಿಟ್ಟು ನೋಡಿದರೆ ಸಾಕು ಅಂತ ನನ್ನ ಅಭಿಪ್ರಾಯ. ಯಜಮಾನ್ರು ಒಪ್ಪಲ್ಲ.

ಮೇ ತಿಂಗಳ ಆ ದಿನ ನಾನೂ ಸ್ನೆಟರ್ಟನ್‌ಗೆ ಹೋದೆ, ಹಿಂದಿನ ದಿನ ಲಾಂಗ್ ಡೇ ಮುಗಿಸಿ ಮೂರು ಗಂಟೆ ನಿದ್ದೆ ಕಡಿಮೆ ಮಾಡಿಕೊಂಡು. ಅದೂ ಹಳೇ ಏರ್‌ಫೀಲ್ಡೇ, ಗಾಳಿ ಬೀಸಿದರೆ ಕಿವಿ ಕಿತ್ತು ಹೋಗುತ್ತೆ. ಮೂರು ಮೈಲಿಗೆ ಒಂಚೂರು ಕಡಿಮೆ ಸುತ್ತು. ಅಲ್ಲಿ ಕೋರಮ್ ಅಂತ ಒಂದು ತಿರುವು ಇದೆ, ಬಲಕ್ಕೆ ತಿರುಗ್ತಾನೇ ಇರುತ್ತೆ, ಮುಗಿಯೋದೇ ಇಲ್ಲ. ಬಲಕ್ಕೆ ತಿರುಗಿದಾಗ ಭಾರ ಬೀಳೋದು ಎಡಗಡೆ ಚಕ್ರಗಳ ಮೇಲೆ. ಹಿಂದಿನ ಎಡ ಚಕ್ರ. ನಾನು ನಿಂತಿದ್ದು ಅದನ್ನ ನೋಡೋಕೆ ಆಗೋ ಜಾಗದಲ್ಲಿ. ಹಳದಿ ಕಾರು ಬಂದಾಗಲೆಲ್ಲ ಉಸಿರು ಹಿಡಿಯೋದು, ಕೊನೆಯ ಎಡ ತಿರುವಿಗೆ ಬ್ರೇಕ್ ಹಾಕಿದಾಗ ಬಿಡೋದು. ಹದಿನೈದು ನಿಮಿಷದ ಮೊದಲ ಸರದಿಯಲ್ಲಿ ಆರು ಸುತ್ತು ಎಣಿಸಿದೆ.

ಒಳಗೆ ಬಂದ ಮೇಲೆ ಅವರು ಹೆಲ್ಮೆಟ್ ತೆಗೆದು ಮೊದಲು ನನ್ನ ಹತ್ತಿರ ಬರಲಿಲ್ಲ. ಟಾರ್ಚ್ ಹಿಡಿದು ನೆಲಕ್ಕೆ ಮಲಗಿ ಹಿಂದಿನ ಚಕ್ರದ ಒಳಗೆ ಇಣುಕಿದರು. "ಗೆರೆ ನೆಟ್ಟಗಿದೆ" ಅಂತ ಕೆಳಗಿನಿಂದಲೇ ಕೂಗಿದರು. "ಬಲಗಡೆಯದ್ದೂ ನೋಡ್ರೀ," ಅಂದೆ. ಅದನ್ನೂ ನೋಡಿದರು. ಅವತ್ತು ಪ್ರತಿ ಸರದಿ ಮುಗಿದಾಗಲೂ ನೋಡಿದರು, ನಾನು ಹೇಳದೆಯೇ. ಪಕ್ಕದಲ್ಲಿ ಕಾರು ನಿಲ್ಲಿಸಿದ್ದ ಇನ್ನೊಂದು ಎಲೀಸಿನ ಹಿರಿಯರು ಏನು ನೋಡ್ತಿದ್ದೀರಿ ಅಂತ ಕೇಳಿ, ತಮ್ಮದರ ಕೆಳಗೂ ಇಣುಕಿ ಹೋದರು.

ಹಳೇ ಎಡಗಡೆ ಜಾಯಿಂಟ್ ಈಗ ಅಡುಗೆಮನೆ ಕಿಟಕಿಯಲ್ಲಿದೆ, ಕರಿಬೇವಿನ ಕುಂಡದ ಪಕ್ಕ. ಅಪ್ಪಾಜಿ ಬಿಸಾಕಬೇಡ ಅಂದಿದ್ದಾರೆ, ಆ ಹೊಳೆಯೋ ಪಟ್ಟೆಯನ್ನ ಕೈಯಲ್ಲಿ ಹಿಡಿದು ನೋಡಬೇಕಂತೆ. ಡಿಸೆಂಬರಿಗೆ ಊರಿಗೆ ಬರುವಾಗ ತರ್ತೀನಿ. ಅಮ್ಮನಿಗೆ ಚಾಕ್ಲೇಟು, ತಂಗಿಗೆ ಶಾಂಪೂ, ಅತ್ತೆಯವರಿಗೆ ಮಂಡಿನೋವಿನ ಪಟ್ಟಿ, ಅಪ್ಪಾಜಿಗೆ ಒಂದು ತುಕ್ಕು ಹಿಡಿದ ಕಬ್ಬಿಣ. ಏರ್‌ಪೋರ್ಟಿನಲ್ಲಿ ಸ್ಕ್ಯಾನ್ ಮಾಡೋರಿಗೆ ಏನು ಹೇಳೋದು ಅಂತ ಈಗಿನಿಂದಲೇ ಯೋಚಿಸ್ತಿದ್ದೀನಿ.